ಐದು ಡಾಲರ್ ನೋಟಿನ ಮೇಲೆ ವೊರೆಲ್, ಒಂದು ಡಾಲರ್ ನಾಣ್ಯದ ಮೇಲೆ ಹಾರುವ ಮೀನು: ಬ್ರಿಜ್‌ಟೌನ್‌ನಲ್ಲಿ ಸ್ವಂತಕ್ಕೆ ಕಳೆದ ಒಂದು ದಿನ

ಹಡಗಿನವರ ಟೂರ್ ಬೇಡ, ನಾವಿಬ್ಬರೇ ಹೋಗಿ ಬರುತ್ತೇವೆ ಅಂದಾಗ ಮಗಳ ಮುಖ ಬಾಡಿತು. “ಅಪ್ಪಾ, ಹಡಗು ತಪ್ಪಿದ್ರೆ ಏನ್ಮಾಡ್ತೀರಿ?” ಅಂತ ಎರಡು ಸಲ ಕೇಳಿದಳು. ಅವಳು ಹೆದರಿದ್ದರಲ್ಲಿ ತಪ್ಪಿಲ್ಲ. ಹಡಗಿನವರೇ ಕರೆದುಕೊಂಡು ಹೋದ ಟೂರ್ ತಡವಾದರೆ ಹಡಗು ಕಾಯುತ್ತದೆ. ಸ್ವಂತಕ್ಕೆ ಇಳಿದವರು ತಡವಾದರೆ ಕಾಯುವುದಿಲ್ಲ. ಇದನ್ನು ಮೊದಲೇ ತಿಳಿದುಕೊಂಡೇ ಇಳಿಯಬೇಕು. ನಾವು ಅಮೆರಿಕಕ್ಕೆ ಸೇರಿದ ಪೋರ್ಟೊ ರಿಕೊ ದ್ವೀಪದ ಸಾನ್ ಹುವಾನ್‌ನಿಂದ ಹೊರಟಿದ್ದು ಏಳು ರಾತ್ರಿಯ ಕ್ರೂಸ್ ಪ್ರಯಾಣಕ್ಕೆ. 2024ರ ನವೆಂಬರ್ ಕೊನೆಯ ಒಂದು ಶುಕ್ರವಾರ ಬೆಳಿಗ್ಗೆ 8ಕ್ಕೆ ಹಡಗು ಕೆರಿಬಿಯನ್ ದ್ವೀಪ ಬಾರ್ಬಡೋಸ್‌ನ ಬ್ರಿಜ್‌ಟೌನ್ ಬಂದರಿಗೆ ತಾಗಿತು. ಸಂಜೆ 5.30ಕ್ಕೆ ಎಲ್ಲರೂ ಹಡಗಿನೊಳಗೆ ಇರಬೇಕು, 6ಕ್ಕೆ ಹೊರಡುತ್ತದೆ. ಮಗಳು, ಅಳಿಯ, ಮೊಮ್ಮಗ ದೋಣಿಯಲ್ಲಿ ಆಮೆ ನೋಡುವ ಟೂರ್‌ಗೆ ಹೋದರು, ತಲೆಗೆ 95 ಅಮೆರಿಕನ್ ಡಾಲರ್. ನಾನು, ನನ್ನ ಹೆಂಡತಿ ನಡೆದುಕೊಂಡು ಹೊರಟೆವು.

ನನಗೆ ಈ ಊರನ್ನು ಗಾಜಿನ ಕಿಟಕಿಯ ಆಚೆಯಿಂದ ನೋಡಿ ಬರುವುದು ಸಾಧ್ಯವಿರಲಿಲ್ಲ. ನಾನು ಹುಟ್ಟಿದ್ದು 1962ರಲ್ಲಿ, ಮಲ್ಪೆಯಲ್ಲಿ. ಆ ವರ್ಷದ ಮಾರ್ಚ್‌ನಲ್ಲಿ ಇದೇ ಬ್ರಿಜ್‌ಟೌನ್‌ನ ಕೆನ್ಸಿಂಗ್ಟನ್ ಓವಲ್ ಕ್ರಿಕೆಟ್ ಮೈದಾನದಲ್ಲಿ ಭಾರತ ತಂಡದ ಕ್ಯಾಪ್ಟನ್ ನಾರಿ ಕಾಂಟ್ರಾಕ್ಟರ್ ತಲೆಗೆ ಚೆಂಡು ಬಡಿದು ಜೀವ ಹೋಗುವ ಹಾಗಾಗಿತ್ತು. ಅಪ್ಪ ಆ ಕತೆಯನ್ನು ನಾನು ಶಾಲೆಗೆ ಹೋಗುವ ವಯಸ್ಸಿನಲ್ಲಿ ಹೇಳಿದ್ದರು, ಆಮೇಲೆ ಎಷ್ಟೋ ಸಲ ಹೇಳಿದರು. ಮೀನಿನ ದೋಣಿ, ಮಂಜುಗಡ್ಡೆ, ಬಲೆಗಳ ನಡುವೆಯೇ ದುಡಿದ ಮನುಷ್ಯ, ಬಾರ್ಬಡೋಸ್ ಅನ್ನುವ ಹೆಸರನ್ನು ಪಕ್ಕದ ಊರಿನ ಹೆಸರಿನಂತೆ ಹೇಳುತ್ತಿದ್ದರು.

ಬಂದರಿನ ಕಟ್ಟಡದೊಳಗೆ ವಜ್ರ, ವಾಚು, ರಮ್ ಮಾರುವ ಅಂಗಡಿಗಳ ಸಾಲು ಇದೆ. ಅಲ್ಲಿ ನಿಲ್ಲುವ ಅಗತ್ಯವಿಲ್ಲ, ಶೌಚಾಲಯ ಮಾತ್ರ ಬಳಸಿಕೊಂಡು ಹೋಗಿ. ಊರೊಳಗೆ ಹುಡುಕುವುದು ಕಷ್ಟ. ಹೊರಗೆ ಬಂದ ಕೂಡಲೇ ಟ್ಯಾಕ್ಸಿಯವರು ಸುತ್ತುವರಿಯುತ್ತಾರೆ. ಒಬ್ಬರು ದ್ವೀಪ ಸುತ್ತಿಸಲು ಹೇಳಿದ ದರ ಎರಡು ನಿಮಿಷದಲ್ಲಿ ಅರ್ಧಕ್ಕೆ ಇಳಿಯಿತು. ಅಲ್ಲಿನ ಟ್ಯಾಕ್ಸಿಗಳಲ್ಲಿ ಮೀಟರ್ ಇಲ್ಲ, ಹತ್ತುವ ಮೊದಲೇ ದರವನ್ನೂ ಅದು ಯಾವ ಡಾಲರ್ ಅನ್ನುವುದನ್ನೂ ಕೇಳಿ ಖಚಿತಪಡಿಸಿಕೊಳ್ಳಬೇಕು. ಎರಡು ಬಾರ್ಬಡೋಸ್ ಡಾಲರ್ ಅಂದರೆ ಒಂದು ಅಮೆರಿಕನ್ ಡಾಲರ್. 1975ರಿಂದ ಇದೇ ಲೆಕ್ಕ ನಿಂತಿದೆ. ಅಮೆರಿಕನ್ ನೋಟನ್ನು ಎಲ್ಲ ಕಡೆ ತೆಗೆದುಕೊಳ್ಳುತ್ತಾರೆ, ಚಿಲ್ಲರೆ ಮಾತ್ರ ಅವರ ಹಣದಲ್ಲಿ ಕೊಡುತ್ತಾರೆ.

ಆ ಚಿಲ್ಲರೆಯೇ ನನಗೆ ಮೊದಲ ಉಡುಗೊರೆ. ಗೇಟು ದಾಟಿ ಸ್ವಲ್ಪ ದೂರದಲ್ಲಿ ಒಬ್ಬ ಪಿಕಪ್ ಗಾಡಿಯ ಹಿಂದೆ ಎಳನೀರಿನ ಬೊಂಡ ರಾಶಿ ಹಾಕಿಕೊಂಡು ಕೂತಿದ್ದ. ಕತ್ತಿಯ ಏಟು ನಮ್ಮವರ ಏಟಿನಂತೆಯೇ, ಮೂರು ಕೊಚ್ಚು, ಬಾಯಿ ತೆರೆಯಿತು. ಎರಡು ಬೊಂಡಕ್ಕೆ 10 ಬಾರ್ಬಡೋಸ್ ಡಾಲರ್. ನಾನು 20ರ ಅಮೆರಿಕನ್ ನೋಟು ಕೊಟ್ಟೆ. ಅವನು ಐದರ ಐದು ನೋಟು, ಒಂದರ ಐದು ನಾಣ್ಯ ಎಣಿಸಿ ಕೈಗಿಟ್ಟ. ನಾಣ್ಯಕ್ಕೆ ಏಳು ಮೂಲೆ, ಅದರ ಮೇಲೆ ರೆಕ್ಕೆ ಬಿಡಿಸಿದ ಒಂದು ಮೀನು. ನೋಟಿನ ಮೇಲೆ ಒಬ್ಬ ಗಂಭೀರ ಮುಖದ ಮನುಷ್ಯ. ಕೆಳಗಿದ್ದ ಹೆಸರು ಓದಿದೆ: ಸರ್ ಫ್ರಾಂಕ್ ವೊರೆಲ್.

ನಾನು ಅಲ್ಲಿಯೇ ನಿಂತುಬಿಟ್ಟೆ. ಕಾಂಟ್ರಾಕ್ಟರ್ ಆಸ್ಪತ್ರೆಯಲ್ಲಿ ಬಿದ್ದಿದ್ದಾಗ ಅವರಿಗೆ ರಕ್ತ ಕೊಟ್ಟವರಲ್ಲಿ ಎದುರಾಳಿ ವೆಸ್ಟ್ ಇಂಡೀಸ್ ತಂಡದ ಈ ಕ್ಯಾಪ್ಟನ್ ಕೂಡ ಒಬ್ಬರು. ಅಪ್ಪ ಕತೆ ಹೇಳುವಾಗ ಚೆಂಡಿನ ಭಾಗವನ್ನು ಬೇಗ ಮುಗಿಸಿ ಈ ಭಾಗವನ್ನು ನಿಧಾನವಾಗಿ ಹೇಳುತ್ತಿದ್ದರು. ವೊರೆಲ್ 1967ರಲ್ಲಿ, 42ನೇ ವಯಸ್ಸಿನಲ್ಲಿ, ರಕ್ತದ ಕ್ಯಾನ್ಸರ್‌ನಿಂದ ತೀರಿಕೊಂಡರು. ಕೋಲ್ಕತ್ತಾದಲ್ಲಿ ಅಲ್ಲಿನ ಕ್ರಿಕೆಟ್ ಸಂಸ್ಥೆ ಅವರ ಹೆಸರಿನಲ್ಲಿ ಪ್ರತಿ ಫೆಬ್ರುವರಿ 3ಕ್ಕೆ ರಕ್ತದಾನ ಶಿಬಿರ ನಡೆಸುತ್ತದೆ. ಇದನ್ನೆಲ್ಲ ಬೊಂಡದವನಿಗೆ ನನ್ನ ಇಂಗ್ಲಿಷಿನಲ್ಲಿ ಹೇಳಿದೆ. ಅವನು ಕತ್ತಿ ಕೆಳಗಿಟ್ಟು ಪೂರ್ತಿ ಕೇಳಿದ. “ಕೋಲ್ಕತ್ತಾದಲ್ಲಿ?” ಅಂತ ಮತ್ತೆ ಕೇಳಿ, ತನ್ನ ಡಬ್ಬಿಯಿಂದ ಹರಿದ ನೋಟೊಂದನ್ನು ತೆಗೆದು ತಾನೂ ಆ ಮುಖವನ್ನು ನೋಡಿದ.

ಬಂದರಿನ ಗೇಟಿನಿಂದ ಕೆನ್ಸಿಂಗ್ಟನ್ ಓವಲ್‌ಗೆ ನಡೆದರೆ ಇಪ್ಪತ್ತು ನಿಮಿಷ. ಹೆಂಡತಿಯ ಮೊಣಕಾಲು ನೋವಿನ ಕಾರಣ ನಮಗೆ ಅರ್ಧ ಗಂಟೆ ಹಿಡಿಯಿತು. ಫುಟ್‌ಪಾತ್ ಕೆಲವು ಕಡೆ ಇದ್ದಕ್ಕಿದ್ದಂತೆ ಮುಗಿದುಹೋಗುತ್ತದೆ, ನೆರಳು ಕಡಿಮೆ, ಒಂಬತ್ತು ಗಂಟೆಗೇ ಬೆವರು ಹರಿಯುತ್ತದೆ. ಕೊಡೆ ಇದ್ದರೆ ಬಿಸಿಲಿಗೂ ಆಯಿತು, ಮಳೆಗೂ ಆಯಿತು. ವಾಹನ ಎಡಗಡೆಯೇ ಓಡುವುದರಿಂದ ರಸ್ತೆ ದಾಟುವುದು ನಮಗೆ ಸುಲಭ. ಅಮೆರಿಕದಲ್ಲಿ ಒಂದು ತಿಂಗಳು ಉಲ್ಟಾ ನೋಡಿ ನೋಡಿ ಅಭ್ಯಾಸವಾಗಿದ್ದ ನನ್ನಾಕೆಗೆ ಸಮಾಧಾನವಾಯಿತು.

ಓವಲ್‌ನ ಹೊರಗೆ ಸರ್ ಗಾರ್ಫೀಲ್ಡ್ ಸೋಬರ್ಸ್ ಪ್ರತಿಮೆಯಾಗಿ ಬ್ಯಾಟು ಬೀಸಿ ನಿಂತಿದ್ದಾರೆ. ಕಟ್ಟಡ 2007ರ ವಿಶ್ವಕಪ್‌ಗಾಗಿ ಹೊಸದಾಗಿ ಎದ್ದದ್ದು, ಹಳೆಯ ಸ್ಟ್ಯಾಂಡುಗಳು ಈಗಿಲ್ಲ. ಹೆಸರುಗಳು ಮಾತ್ರ ಹಳೆಯವು: ವೊರೆಲ್, ವೀಕ್ಸ್, ವಾಲ್ಕಾಟ್, ಗ್ರೀನಿಜ್ ಮತ್ತು ಹೇನ್ಸ್, ಹಾಲ್ ಮತ್ತು ಗ್ರಿಫಿತ್. ಒಂದು ತುದಿಗೆ ಮಾಲ್ಕಂ ಮಾರ್ಷಲ್ ಹೆಸರು, ಇನ್ನೊಂದಕ್ಕೆ ಜೋಯಲ್ ಗಾರ್ನರ್ ಹೆಸರು. ಬರೀ 430 ಚದರ ಕಿಲೋಮೀಟರಿನ ದ್ವೀಪ ಇದು. ಅದರ ಮಕ್ಕಳ ಹೆಸರು ಹೇಳಿ ಮುಗಿಸುವಷ್ಟರಲ್ಲಿ ಉಸಿರು ಸಾಲದು. ಕಾಂಟ್ರಾಕ್ಟರ್‌ಗೆ ಬಡಿದ ಚೆಂಡು ಎಸೆದ ಚಾರ್ಲಿ ಗ್ರಿಫಿತ್ ಹೆಸರನ್ನು ಗೋಡೆಯ ಮೇಲೆ ಓದಿದಾಗ ಸಿಟ್ಟು ಬರಲಿಲ್ಲ. ಆ ಪೆಟ್ಟಿನ ನಂತರ ಕಾಂಟ್ರಾಕ್ಟರ್ ಮತ್ತೆ ಟೆಸ್ಟ್ ಆಡಲಿಲ್ಲ. ಕೆಲವೇ ದಿನಗಳಲ್ಲಿ ಇದೇ ಮೈದಾನದಲ್ಲಿ 21 ವರ್ಷದ ಪಟೌಡಿ ಭಾರತದ ಕ್ಯಾಪ್ಟನ್ ಆದರು.

ಗೇಟಿನಲ್ಲಿದ್ದ ಕಾವಲುಗಾರರು ಒಳಗೆ ನೋಡಬೇಕಾದರೆ ಆಫೀಸಿನಲ್ಲಿ ಮೊದಲೇ ಗೊತ್ತುಮಾಡಿಕೊಳ್ಳಬೇಕು ಅಂದರು. ಹೋಗುವವರು ಇದನ್ನು ನೆನಪಿಟ್ಟುಕೊಳ್ಳಿ, ನಾನು ಮಾಡದೆ ಹೋಗಿದ್ದೆ. ಭಾರತದಿಂದ ಬಂದಿದ್ದೇನೆ, ಜೂನ್ 29ರ ಟಿ20 ವಿಶ್ವಕಪ್ ಫೈನಲ್ ಟಿವಿಯಲ್ಲಿ ನೋಡಿದ್ದೇನೆ ಅಂದೆ. ಅವರು ಸುಮ್ಮನೆ ನನ್ನನ್ನೂ ನನ್ನಾಕೆಯನ್ನೂ ನೋಡಿದರು, ಕಬ್ಬಿಣದ ಬಾಗಿಲು ಸ್ವಲ್ಪ ಸರಿಸಿ, ಹುಲ್ಲು ಕಾಣುವ ಜಾಗದವರೆಗೆ ಕರೆದುಕೊಂಡು ಹೋಗಿ, “ಹತ್ತು ನಿಮಿಷ” ಅಂದರು.

ಯಾರೂ ಇಲ್ಲದ ಮೈದಾನ. ನೀರು ಚಿಮ್ಮುವ ಪೈಪಿನ ಸದ್ದು ಮಾತ್ರ. ದಕ್ಷಿಣ ಆಫ್ರಿಕಾಕ್ಕೆ 30 ಚೆಂಡಿಗೆ 30 ರನ್ ಬೇಕಿತ್ತು ಅವತ್ತು, ನಮ್ಮ ಮನೆಯಲ್ಲಿ ಎಲ್ಲರೂ ಎದ್ದು ನಿಂತಿದ್ದೆವು. ಕೊನೆಯ ಓವರಿನ ಮೊದಲ ಚೆಂಡಿಗೆ ಮಿಲ್ಲರ್ ಎತ್ತಿದ ಕ್ಯಾಚನ್ನು ಸೂರ್ಯಕುಮಾರ್ ಎಲ್ಲಿ ಹಿಡಿದದ್ದು ಅಂತ ಕೇಳಿದೆ. ಕಾವಲುಗಾರರು ಕೈ ಚಾಚಿ ತೋರಿಸಿದರು. ಏಳು ರನ್ನಿನ ಗೆಲುವು. ಟ್ರೋಫಿ ಕೈಗೆ ಬಂದಾಗ ತಂಡದ ಕೋಚ್, ನಮ್ಮ ಬೆಂಗಳೂರಿನ ದ್ರಾವಿಡ್, ಅಷ್ಟು ಮೌನದ ಮನುಷ್ಯ, ಕೂಗಿದ್ದು ಇದೇ ಹುಲ್ಲಿನ ಮೇಲೆ. 1997ರಲ್ಲಿ ಇದೇ ಊರಿನಲ್ಲಿ 120 ರನ್ ಬೆನ್ನಟ್ಟಲಾಗದೆ ಭಾರತ 81ಕ್ಕೆ ಮುಗಿದಾಗ ಆ ತಂಡದಲ್ಲಿ ಅವರಿದ್ದರು. 2007ರ ವೆಸ್ಟ್ ಇಂಡೀಸ್ ವಿಶ್ವಕಪ್‌ನಲ್ಲಿ ಮೊದಲ ಸುತ್ತಿಗೇ ಹೊರಬಿದ್ದ ತಂಡದ ಕ್ಯಾಪ್ಟನ್ ಅವರೇ. ಇಷ್ಟೆಲ್ಲ ಹೊತ್ತು ಬಂದವರು ಒಮ್ಮೆ ಕೂಗದೆ ಇರುತ್ತಾರೆಯೇ? ನಾನು ಕೈ ಮುಗಿದೆ. ಮೈದಾನಕ್ಕೋ, ಅಪ್ಪನಿಗೋ, ಯಾರಿಗೆ ಅಂತ ಆಗ ಯೋಚಿಸಲಿಲ್ಲ.

ವಾಪಸ್ ಬರುವಾಗ ಕಾವಲುಗಾರರು ಬೇರೆ ಒಂದು ಮಾತು ಹೇಳಿದರು. “ನಿಮ್ಮ ಹುಡುಗರು ಚಂಡಮಾರುತದಿಂದಾಗಿ ಇಲ್ಲೇ ಸಿಕ್ಕಿಹಾಕಿಕೊಂಡಿದ್ದರಲ್ಲ. ಆ ಚಂಡಮಾರುತ ನನ್ನ ಭಾವನ ದೋಣಿ ತೆಗೆದುಕೊಂಡು ಹೋಯಿತು.” ಫೈನಲ್ ಮುಗಿದ ಎರಡನೇ ದಿನ ಬೆರಿಲ್ ಚಂಡಮಾರುತ ದ್ವೀಪದ ದಕ್ಷಿಣದಲ್ಲಿ ಹಾದುಹೋಗಿತ್ತು. ನಾವು ಊರಿನಲ್ಲಿ ಕೂತು ರೋಹಿತ್, ಕೊಹ್ಲಿ ಯಾವಾಗ ವಿಮಾನ ಹತ್ತುತ್ತಾರೆ ಅಂತ ಮಾತ್ರ ಸುದ್ದಿ ನೋಡುತ್ತಿದ್ದೆವು. ಬಂದರಿನಲ್ಲಿ ಕಟ್ಟಿಹಾಕಿದ್ದ ಮೀನುಗಾರರ ದೋಣಿಗಳು ಒಂದಕ್ಕೊಂದು ಬಡಿದು ಒಡೆದು ಮುಳುಗಿದ್ದು ನಮಗೆ ಗೊತ್ತಾಗಲಿಲ್ಲ. ಗೊತ್ತಾಗಿದ್ದರೆ ಮಲ್ಪೆಯವನಾಗಿ ನನಗೆ ಆ ರಾತ್ರಿ ನಿದ್ದೆ ಬರುತ್ತಿರಲಿಲ್ಲ.

ಅದಕ್ಕಾಗಿಯೇ ಅಂಗಡಿ ಬೀದಿಗೆ ನೇರ ಹೋಗದೆ ಸಮುದ್ರದ ಬದಿಯ ಪ್ರಿನ್ಸೆಸ್ ಆಲಿಸ್ ಹೈವೇಗೆ ಇಳಿದೆವು. ಬ್ರಿಜ್‌ಟೌನ್‌ನ ಮೀನುಗಾರಿಕೆ ಬಂದರು ಆ ರಸ್ತೆಯಲ್ಲೇ ಇದೆ; ಕ್ರೂಸ್‌ನಿಂದ ನಡೆದು ಊರಿಗೆ ಹೋಗುವ ಎಲ್ಲರೂ ಅದರ ಪಕ್ಕದಲ್ಲೇ ಹಾದುಹೋಗುತ್ತಾರೆ, ನಿಲ್ಲುವವರು ಕಾಣಲಿಲ್ಲ. ಒಡಲು ಸೀಳಿದ ದೋಣಿಗಳನ್ನು ಮೇಲೆತ್ತಿ ಇಟ್ಟಿದ್ದರು. ಐದು ತಿಂಗಳಾದರೂ ಫೈಬರ್ ಹಚ್ಚುವ ಕೆಲಸ ನಡೆಯುತ್ತಿತ್ತು, ಆ ರಾಳದ ವಾಸನೆ ಮಲ್ಪೆಯ ದಕ್ಕೆಯದೇ. ಹೆಂಡತಿ ಒಂದು ದೋಣಿಯ ಹೆಸರನ್ನು ಬೆರಳಿನಿಂದ ಒರೆಸಿ ಓದಲು ನೋಡಿದಳು, ಅರ್ಧ ಅಳಿಸಿಹೋಗಿತ್ತು. ಇದು ಪ್ರವಾಸಿ ಸ್ಥಳವಲ್ಲ, ಕೆಲಸದವರಿಗೆ ಅಡ್ಡ ಬರದಂತೆ ನೋಡಿ ಬರಬೇಕು, ಫೋಟೋ ತೆಗೆಯುವ ಮೊದಲು ಕೇಳಬೇಕು. ಈ ದಿನದಲ್ಲಿ ನಾನು ಅತಿ ಹೆಚ್ಚು ಬೆಲೆ ಕೊಡುವ ಅರ್ಧ ಗಂಟೆ ಇದು.

ಚೀಪ್‌ಸೈಡ್ ಮಾರುಕಟ್ಟೆ ಅಲ್ಲಿಂದ ಹತ್ತಿರ. ಒಳಗೆ ಕಾಲಿಟ್ಟವಳೇ ಹೆಂಡತಿ ನಿಂತುಬಿಟ್ಟಳು. “ಉಂದು ನಮ್ಮ ಜೀಗುಜ್ಜೆ ಅತ್ತಾ?” ಇದು ನಮ್ಮ ಜೀಗುಜ್ಜೆ ಅಲ್ಲವೇ ಅಂತ ತುಳುವಿನಲ್ಲಿ ಕೇಳಿದಳು. ಜೀಗುಜ್ಜೆಯೇ, ದೀವಿ ಹಲಸು. ಇಲ್ಲಿ ಬ್ರೆಡ್‌ಫ್ರೂಟ್ ಅನ್ನುತ್ತಾರೆ. 1793ರಲ್ಲಿ ಕ್ಯಾಪ್ಟನ್ ಬ್ಲೈ ಟಹೀಟಿಯಿಂದ ವೆಸ್ಟ್ ಇಂಡೀಸ್‌ಗೆ ಸಸಿಗಳನ್ನು ತಂದದ್ದು ಕಬ್ಬಿನ ತೋಟದ ಗುಲಾಮರ ಹೊಟ್ಟೆ ಕಡಿಮೆ ಖರ್ಚಿನಲ್ಲಿ ತುಂಬಿಸಲು. ನಮ್ಮಲ್ಲಿ ಅದು ಪೋಡಿಗೂ ಸಾಂಬಾರಿಗೂ ಆಗುವ ಹಿತ್ತಲಿನ ಕಾಯಿ. ಗೆಣಸು, ಮರಗೆಣಸು, ಬೆಂಡೆ, ಸೀಬೆ ಎಲ್ಲ ಇತ್ತು. ಮೆಕ್ಕೆಜೋಳದ ಹಿಟ್ಟನ್ನು ಬೆಂಡೆಯ ಜೊತೆ ಕೋಲಿನಿಂದ ತಿರುವಿ ತಿರುವಿ ಮುದ್ದೆ ಮಾಡುತ್ತಾರಂತೆ, ಅದರ ಹೆಸರು ಕೂಕೂ. ಹಾರುವ ಮೀನಿನ ಜೊತೆ ಸೇರಿ ಅದು ದೇಶದ ಊಟ. ಮಾರುವ ಹೆಂಗಸು ಕೈ ಸನ್ನೆಯಿಂದ ತಿರುವಿ ತೋರಿಸಿದಳು, ರಾಗಿ ಮುದ್ದೆ ತಿರುವುವ ಕೈಯಂತೆಯೇ.

ನವೆಂಬರ್‌ನಲ್ಲಿ ಹೋದವರಿಗೆ ಇನ್ನೊಂದು ಲಾಭ. 30ನೇ ತಾರೀಕು ಅವರ ಸ್ವಾತಂತ್ರ್ಯ ದಿನ, 1966ರಲ್ಲಿ ಸ್ವತಂತ್ರರಾದದ್ದು, 2021ರಲ್ಲಿ ಅದೇ ದಿನ ಗಣರಾಜ್ಯವೂ ಆದರು. ಆ ತಿಂಗಳ ತಿಂಡಿ ಕಾಂಕಿ. ಮೆಕ್ಕೆಜೋಳದ ಹಿಟ್ಟು, ತೆಂಗಿನ ತುರಿ, ಸಿಹಿಗುಂಬಳ, ಗೆಣಸು, ಒಣದ್ರಾಕ್ಷಿ, ಮಸಾಲೆ ಕಲಸಿ ಬಾಳೆ ಎಲೆಯಲ್ಲಿ ಮಡಚಿ ಹಬೆಯಲ್ಲಿ ಬೇಯಿಸುತ್ತಾರೆ. ಎಲೆ ಬಿಚ್ಚಿದಾಗ ಬಂದ ಪರಿಮಳಕ್ಕೆ ಇಬ್ಬರಿಗೂ ಮಾತು ನಿಂತಿತು. ನಾಗರ ಪಂಚಮಿಯ ಪತ್ತೋಳಿಗೆ ಅರಿಶಿನ ಎಲೆ, ಇದಕ್ಕೆ ಬಾಳೆ ಎಲೆ, ಅಷ್ಟೇ ವ್ಯತ್ಯಾಸ. ಎರಡಕ್ಕೆ 12 ಡಾಲರ್ ಕೊಟ್ಟೆವು. ಇನ್ನೆರಡು ಕಟ್ಟಿಸಿಕೊಳ್ಳಬೇಕೆಂದಿದ್ದೆ, ಆದರೆ ಹೊರಗಿನ ಬೇಯಿಸಿದ ತಿಂಡಿಯನ್ನು ನಮ್ಮ ಹಡಗಿನೊಳಗೆ ಬಿಡುವುದಿಲ್ಲ.

ಮಾರುಕಟ್ಟೆಯ ಹತ್ತಿರವೇ ಪ್ರಧಾನ ಅಂಚೆ ಕಚೇರಿ. ನಾನು ಸಬ್ ಪೋಸ್ಟ್‌ಮಾಸ್ಟರ್ ಆಗಿ ನಿವೃತ್ತನಾದವನು, ಯಾವ ಊರಿಗೆ ಹೋದರೂ ಅಲ್ಲಿಂದ ನನ್ನ ವಿಳಾಸಕ್ಕೇ ಒಂದು ಕಾರ್ಡು ಹಾಕುತ್ತೇನೆ. ಬಾರ್ಬಡೋಸ್ 1852ರಿಂದ ಸ್ವಂತ ಅಂಚೆಚೀಟಿ ಹೊರಡಿಸುತ್ತಿರುವ ಜಾಗ. ಕೌಂಟರಿನ ಹೆಂಗಸಿಗೆ ನಾನೂ ಅಂಚೆಯವನೇ ಅಂದಾಗ ಆಕೆ ಕಾರ್ಡನ್ನು ಬದಿಗಿಡದೆ ನನ್ನೆದುರೇ ಠಸ್ಸೆ ಹೊಡೆದಳು, ಅಂಚಿಗೆ ಸರಿಯಾಗಿ, ಶಾಯಿ ಚೆದುರದಂತೆ. ಒಳ್ಳೆಯ ಕೈ. ಎರಡು ಕಾರ್ಡಿಗೆ ಚೀಟಿ ಸೇರಿ 12 ಡಾಲರ್. ಅದು ಮಲ್ಪೆ ಮುಟ್ಟಲು 41 ದಿನ ತೆಗೆದುಕೊಂಡಿತು, ಠಸ್ಸೆ ಮಾಸಿರಲಿಲ್ಲ.

ಬ್ರಾಡ್ ಸ್ಟ್ರೀಟ್‌ನ ಸುಂಕವಿಲ್ಲದ ಅಂಗಡಿಗಳಿಗೆ ನಾನು ಸಮಯ ಕೊಡಲಿಲ್ಲ. ಸ್ವಾನ್ ಸ್ಟ್ರೀಟ್‌ನಲ್ಲಿ ಹೆಂಡತಿ ಒಂದು ಬಟ್ಟೆ ಅಂಗಡಿಗೆ ಹೊಕ್ಕಳು, ಗಲ್ಲಾದಲ್ಲಿದ್ದ ಹಿರಿಯರು ಹಿಂದಿಯಲ್ಲಿ “ಎಲ್ಲಿಯವರು?” ಅಂದರು. ಅವರ ಅಜ್ಜ ಗುಜರಾತಿನಿಂದ ಬಂದು ಮನೆ ಮನೆಗೆ ಬಟ್ಟೆ ಹೊತ್ತು ಮಾರಿದವರು. ಟ್ರಿನಿಡಾಡ್, ಗಯಾನಾಗಳಂತೆ ಇಲ್ಲಿಗೆ ಕಬ್ಬಿನ ಕೂಲಿಗೆಂದು ಭಾರತೀಯರನ್ನು ಹಡಗುಗಟ್ಟಲೆ ತರಲಿಲ್ಲ, ಬಂದವರು ಹೀಗೆ ವ್ಯಾಪಾರಕ್ಕೆ ಬಂದವರು. ಶುಕ್ರವಾರವಾದ್ದರಿಂದ ಅವರು ನಮಾಜಿಗೆ ಹೊರಡುವವರಿದ್ದರು, ಮಾತು ಅಲ್ಲಿಗೇ ನಿಂತಿತು.

ನ್ಯಾಷನಲ್ ಹೀರೋಸ್ ಚೌಕದಲ್ಲಿ 1813ರಿಂದ ನಿಂತಿದ್ದ ಬ್ರಿಟಿಷ್ ನೌಕಾಪಡೆಯ ಅಡ್ಮಿರಲ್ ನೆಲ್ಸನ್ ಪ್ರತಿಮೆಯನ್ನು 2020ರ ನವೆಂಬರ್ 16ರಂದು ತೆಗೆದುಹಾಕಿದ್ದಾರೆ. ಎದುರಿಗೆ ಹವಳದ ಕಲ್ಲಿನ ಸಂಸತ್ ಭವನ, ಸುತ್ತ ನೀಲಿ ಹಳದಿ ಬಟ್ಟೆ ಕಟ್ಟಿದ್ದರು. ಆ ಸಂಸತ್ತು ಶುರುವಾದದ್ದು 1639ರಲ್ಲಿ. ಅಲ್ಲಿ ಕೂರುತ್ತಿದ್ದವರು ತೋಟದ ಒಡೆಯರು. ಹೊರಗೆ ಹೊಲದಲ್ಲಿ ದುಡಿಯುತ್ತಿದ್ದವರಿಗೆ ಬಿಡುಗಡೆ ಸಿಗಲು ಎರಡು ಶತಮಾನ ಹಿಡಿಯಿತು. 1654ರಲ್ಲಿ ಶುರುವಾದ ಯಹೂದಿಗಳ ಪ್ರಾರ್ಥನಾ ಮಂದಿರವೂ ಹತ್ತಿರವೇ ಇದೆ. ನಾವು ಹೊರಗಿನಿಂದ ನೋಡಿ ಬಸ್ಸಿಗೆ ಹೊರಟೆವು, ಆಗಲೇ ಹನ್ನೊಂದೂಮುಕ್ಕಾಲು.

ಬಸ್ಸಿನ ಬಗ್ಗೆ ಸರಿಯಾಗಿ ಹೇಳುತ್ತೇನೆ, ಏಕೆಂದರೆ ಜನ ಹೆದರುವುದು ಇದಕ್ಕೆ. ಮೂರು ಬಗೆ ಇವೆ: ಸರಕಾರದ ನೀಲಿ ದೊಡ್ಡ ಬಸ್ಸು, ಖಾಸಗಿಯವರ ಹಳದಿ ಮಿನಿ ಬಸ್ಸು, ಕೆಂಗಂದು ಪಟ್ಟಿಯ ಬಿಳಿ ವ್ಯಾನು. ವ್ಯಾನಿನ ನಂಬರ್ ಪ್ಲೇಟು ಝಡ್ ಆರ್ ಅಕ್ಷರಗಳಿಂದ ಶುರುವಾಗುವುದರಿಂದ ಅದಕ್ಕೆ ಅದೇ ಹೆಸರು. ಎಲ್ಲಿಗೆ ಹೋದರೂ ತಲೆಗೆ 3 ಡಾಲರ್ 50 ಸೆಂಟ್, ದ್ವೀಪದ ಆ ತುದಿಗಾದರೂ ಅಷ್ಟೇ. ನೀಲಿ ಬಸ್ಸಿನಲ್ಲಿ ಚಿಲ್ಲರೆ ಕೊಡುವುದಿಲ್ಲ, ಸರಿಯಾದ ಹಣ ಬೇಕು. ಕಾನ್‌ಸ್ಟಿಟ್ಯೂಷನ್ ರಿವರ್ ಟರ್ಮಿನಲ್‌ನಿಂದ 11ನೇ ನಂಬರಿನ ವ್ಯಾನು ದಕ್ಷಿಣ ಕರಾವಳಿಯ ಆಯ್‌ಸ್ಟಿನ್ಸ್‌ಗೆ ಹೋಗುತ್ತದೆ. ಕಂಡಕ್ಟರು ಮೂರು ಜನರ ಸೀಟಿನಲ್ಲಿ ನಾಲ್ಕು ಜನರನ್ನು ಕೂರಿಸುತ್ತಾನೆ, ಹಾಡು ಎದೆಗೆ ಬಡಿಯುವಷ್ಟು ಜೋರು, ವೇಗವೂ ಹಾಗೆಯೇ. ಉಡುಪಿ–ಮಂಗಳೂರು ಎಕ್ಸ್‌ಪ್ರೆಸ್‌ನಲ್ಲಿ ನಿಂತು ಹೋದವರಿಗೆ ಇದು ಹೊಸತಲ್ಲ. ಹೊಸದೆನಿಸಿದ್ದು ಬೇರೆ: ಹತ್ತುವವರೆಲ್ಲ ಒಳಗಿರುವವರಿಗೆ ಶುಭ ಮಧ್ಯಾಹ್ನ ಹೇಳಿಯೇ ಕೂರುತ್ತಾರೆ, ಒಳಗಿನವರೆಲ್ಲ ಉತ್ತರ ಕೊಡುತ್ತಾರೆ, ಶಾಲೆಯ ಮಕ್ಕಳೂ. ಎರಡನೇ ಸ್ಟಾಪಿನ ಹೊತ್ತಿಗೆ ನಾವೂ ಹೇಳುತ್ತಿದ್ದೆವು. ಮೊಣಕಾಲು ನೋವಿರುವವರು ಮಾತ್ರ ವ್ಯಾನು ಬಿಟ್ಟು ನೀಲಿ ಬಸ್ಸಿಗೆ ಕಾಯುವುದು ಒಳ್ಳೆಯದು, ಮೆಟ್ಟಿಲು ಮತ್ತು ಜಾಗ ಎರಡೂ ಅನುಕೂಲ.

ಆಯ್‌ಸ್ಟಿನ್ಸ್ ಶುಕ್ರವಾರ ರಾತ್ರಿಯ ಮೀನೂಟಕ್ಕೆ ಹೆಸರಾದ ಊರು. ನಮ್ಮ ಹಡಗು ಸಂಜೆಗೇ ಹೊರಡುವುದರಿಂದ ಅದು ನಮಗಿಲ್ಲ. ಆದರೆ ಹಗಲಿನಲ್ಲಿ ಹೋದರೆ ರಾತ್ರಿಯ ತಯಾರಿ ಕಾಣುತ್ತದೆ, ಮಾತಾಡಲು ಜನರಿಗೆ ಪುರುಸೊತ್ತೂ ಇರುತ್ತದೆ. ಮೀನು ಮಾರುಕಟ್ಟೆಯಲ್ಲಿ ಹೆಂಗಸರು ಸಾಲಾಗಿ ನಿಂತು ಹಾರುವ ಮೀನಿನ ಮುಳ್ಳು ಬಿಡಿಸುತ್ತಿದ್ದರು. ನನ್ನ ಹೆಂಡತಿ ಐವತ್ತು ವರ್ಷದಿಂದ ಮೀನು ಕೊಯ್ದವಳು, ಬೂತಾಯಿ ಬಂಗುಡೆ ಅವಳಿಗೆ ನೋಡದೆ ಬರುತ್ತದೆ. ಅವಳು ಆ ಹೆಂಗಸಿನ ಕೈಯನ್ನೇ ನೋಡುತ್ತಾ ನಿಂತಳು. ಸಣ್ಣ ಚೂರಿ ಬೆನ್ನಿನುದ್ದ ಒಂದು ಸಲ, ಬೆರಳು ಒಳಗೆ, ಮುಳ್ಳಿನ ಹಂದರ ಪೂರ್ತಿ ಒಂದೇ ಎಳೆತಕ್ಕೆ ಈಚೆಗೆ, ಮೀನು ಚಿಟ್ಟೆಯಂತೆ ಬಿಚ್ಚಿಕೊಂಡು ಮಲಗುತ್ತಿತ್ತು. “ನನಗೆ ಇಷ್ಟು ಬರ್ಲಿಕ್ಕಿಲ್ಲ ಮಾರಾಯ್ರೆ” ಅಂದಳು. ಅವಳ ಬಾಯಿಂದ ಇನ್ನೊಬ್ಬರ ಮೀನು ಕೆಲಸಕ್ಕೆ ಅಂಥ ಮಾತು ನಾನು ಕೇಳಿರಲಿಲ್ಲ.

ಆ ಹೆಂಗಸು ಮುಚ್ಚುಮರೆ ಇಲ್ಲದೆ ಹೇಳಿದಳು: ಇದು ಮಂಜುಗಡ್ಡೆಯಲ್ಲಿಟ್ಟದ್ದು, ಹೊಸ ಮೀನಿನ ಕಾಲ ಈಗಷ್ಟೇ ಶುರುವಾಗಬೇಕು, ದೋಣಿಗಳೂ ಕಡಿಮೆ ಈ ಸಲ. ಕಬ್ಬಿನ ಒಣ ಸೋಗೆ ಕಟ್ಟಿ ಸಮುದ್ರದ ಮೇಲೆ ತೇಲಬಿಡುತ್ತಾರಂತೆ, ಮೊಟ್ಟೆ ಇಡಲು ಜಾಗ ಹುಡುಕುವ ಹಾರುವ ಮೀನು ಅದರಡಿಗೆ ಗುಂಪುಗಟ್ಟಿ ಬರುತ್ತದೆ, ಆಗ ಬಲೆ. ಕಬ್ಬಿಗಾಗಿ ಇಷ್ಟೊಂದು ಕಷ್ಟ ಕಂಡ ನೆಲದಲ್ಲಿ ಅದರ ಸೋಗೆಯನ್ನೂ ಬಿಡದೆ ಅನ್ನದ ದಾರಿ ಮಾಡಿಕೊಂಡಿದ್ದಾರೆ.

ಊಟ ಪಕ್ಕದ ಒಂದು ಗೂಡಂಗಡಿಯಲ್ಲಿ. ಬೋರ್ಡಿನಲ್ಲಿ ಡಾಲ್ಫಿನ್ ಅಂತ ಬರೆದಿದ್ದರೆ ಗಾಬರಿಯಾಗಬೇಡಿ, ಅದು ಆ ಪ್ರಾಣಿಯಲ್ಲ, ಮಾಹಿ ಮಾಹಿ ಅನ್ನುವ ಮೀನು. ನಾನು ಹುರಿದ ಹಾರುವ ಮೀನು ತೆಗೆದುಕೊಂಡೆ, ಆಕೆ ಕೆಂಡದಲ್ಲಿ ಸುಟ್ಟ ಮಾರ್ಲಿನ್ ಮೀನು. ಜೊತೆಗೆ ಜೀಗುಜ್ಜೆ, ಬಾಳೆಕಾಯಿ, ಅಲಸಂದೆಯಂಥ ಕಾಳು ಹಾಕಿದ ಅನ್ನ, ಚೀಸ್ ಸುರಿದು ಬೇಯಿಸಿದ ಮ್ಯಾಕರೋನಿ. ಹಾರುವ ಮೀನು ಬಿಳಿ, ಮೃದು, ಬಾಯಲ್ಲಿ ಮುಳ್ಳು ಒಂದೂ ಸಿಗಲಿಲ್ಲ. ಲಿಂಬೆ, ಈರುಳ್ಳಿ ಸೊಪ್ಪು, ಥೈಮ್ ಅರೆದು ಮೀನಿನೊಳಗೆ ತುಂಬಿರುತ್ತಾರೆ. ಮಾರ್ಲಿನ್ ಒಣಗಿತ್ತು, ಒಂದೈದು ನಿಮಿಷ ಮೊದಲೇ ಇಳಿಸಬೇಕಿತ್ತು ಅನ್ನುವುದು ಆಕೆಯ ತೀರ್ಪು, ನನ್ನದೂ ಅದೇ. ಮ್ಯಾಕರೋನಿ ಇಬ್ಬರಿಗೂ ಹಿಡಿಸಲಿಲ್ಲ. ಮೇಜಿನ ಮೇಲಿದ್ದ ಹಳದಿ ಮೆಣಸಿನ ಸಾಸ್ ಮಾತ್ರ, ಸಾಸಿವೆ, ಅರಿಶಿನ ಹಾಕಿದ್ದು, ಮೂಗಿನಲ್ಲಿ ನೀರು ಬರಿಸುವಂಥದ್ದು, ಇಷ್ಟು ದಿನದ ಹಡಗಿನ ಸಪ್ಪೆ ಊಟದ ನಂತರ ನಾಲಿಗೆಗೆ ಜೀವ ಬಂತು. ಕುಡಿಯಲು ಮಾಬಿ, ಮರದ ತೊಗಟೆ ಕುದಿಸಿ ಮಾಡಿದ ಕಹಿ–ಸಿಹಿ ಪಾನಕ. ಕಷಾಯ ಕುಡಿದು ಬೆಳೆದವರಿಗೆ ಇಷ್ಟವಾಗುತ್ತದೆ. ಇಬ್ಬರಿಗೆ 97 ಬಾರ್ಬಡೋಸ್ ಡಾಲರ್.

ಊಟವಾದ ಮೇಲೆ ಮರಳ ದಂಡೆಗೆ ನಡೆದೆವು, ಕಾಲು ನೀರಿಗಿಟ್ಟು ಹತ್ತು ನಿಮಿಷ ಆಗಿರಲಿಲ್ಲ, ಮಳೆ ಬಂತು. ಕೊಡೆಯನ್ನು ಊಟದ ಮೇಜಿನ ಬಳಿ ಬಿಟ್ಟಿದ್ದೆ. ಇಬ್ಬರೂ ಹತ್ತಿರದ ಮರದಡಿಗೆ ಓಡಿದೆವು. ದೂರದಲ್ಲಿ ಹಣ್ಣು ಮಾರುತ್ತಿದ್ದ ಒಬ್ಬ ಅಜ್ಜಿ ಕೈ ಬೀಸಿ ಕೂಗಿದಳು, ಕೂಗಿದ್ದು ಏನೆಂದು ತಿಳಿಯಲಿಲ್ಲ, ದನಿಯಲ್ಲಿದ್ದ ಗಾಬರಿ ತಿಳಿಯಿತು. ಮಳೆಯಲ್ಲೇ ಅವಳ ಕಡೆಗೆ ಓಡಿ ಬಂದೆವು. ಅವಳು ನನ್ನ ಹೆಂಡತಿಯ ತೋಳು ಹಿಡಿದು ತಿರುಗಿಸಿ ನೋಡಿದಳು, ತನ್ನ ಟವೆಲಿನಿಂದ ಒರೆಸಿದಳು, ಬಾಟಲಿ ನೀರು ಸುರಿದಳು. ಆಮೇಲೆ ಮರದ ಕಾಂಡ ತೋರಿಸಿದಳು. ಸುತ್ತಲೂ ಕೆಂಪು ಬಣ್ಣದ ಪಟ್ಟಿ ಬಳಿದಿತ್ತು. ಮ್ಯಾಂಚಿನೀಲ್ ಮರ. ಹಸಿರು ಸೇಬಿನಂಥ ಸಣ್ಣ ಹಣ್ಣು, ಹಣ್ಣೂ ವಿಷ, ಹಾಲೂ ವಿಷ. ಮಳೆ ಬಂದಾಗ ಎಲೆಯಿಂದ ಇಳಿದ ಹನಿ ಬಿದ್ದರೆ ಚರ್ಮದಲ್ಲಿ ಬೊಬ್ಬೆ ಏಳುತ್ತದೆ. ಗೇರು ಸೊನೆ ಸುಟ್ಟ ಕೈ ನೋಡಿದ ನಮಗೆ ಅದು ಕೂಡಲೇ ಅರ್ಥವಾಯಿತು. ದೇವರ ದಯೆ, ಏನೂ ಆಗಲಿಲ್ಲ. ಕೆರಿಬಿಯನ್ ಬೀಚಿಗೆ ಮಕ್ಕಳನ್ನು ಕರೆದುಕೊಂಡು ಹೋಗುವವರು ಬೇರೇನು ಮರೆತರೂ ಈ ಕೆಂಪು ಪಟ್ಟಿಯನ್ನು ಮರೆಯಬೇಡಿ. ಬಣ್ಣ ಬಳಿಯದ ಮರವೂ ಇರಬಹುದು, ಬಿದ್ದ ಹಣ್ಣನ್ನು ಮುಟ್ಟಬಾರದು.

ಆ ಅಜ್ಜಿ ಹಣ ತೆಗೆದುಕೊಳ್ಳಲಿಲ್ಲ. ನನ್ನಾಕೆ ತಲೆಯಲ್ಲಿದ್ದ ಬಾಚಣಿಗೆ ಕ್ಲಿಪ್ಪು ತೆಗೆದು ಕೊಟ್ಟಳು, ಅದನ್ನು ತೆಗೆದುಕೊಂಡಳು.

ವಾಪಸ್ ಹೊರಟದ್ದು 3ಕ್ಕೆ. ಇಪ್ಪತ್ತೈದು ನಿಮಿಷದ ದಾರಿ ಶುಕ್ರವಾರ ಸಂಜೆಯ ಟ್ರಾಫಿಕ್‌ನಲ್ಲಿ ಒಂದು ಗಂಟೆ ಹತ್ತು ನಿಮಿಷ ಹಿಡಿಯಿತು. ಮಗಳ ಮಾತು ನೆನಪಾಗಿ ನನಗೂ ಎದೆ ಹೊಡೆದುಕೊಂಡಿತು. ಟರ್ಮಿನಲ್‌ನಿಂದ ಬಂದರಿಗೆ ಟ್ಯಾಕ್ಸಿ, 20 ಬಾರ್ಬಡೋಸ್ ಡಾಲರ್. ಗೇಟಿನಲ್ಲಿ ಹಡಗಿನ ಕಾರ್ಡಿನ ಜೊತೆ ಫೋಟೋ ಇರುವ ಗುರುತು ಚೀಟಿ ಕೇಳುತ್ತಾರೆ. 4.40ಕ್ಕೆ ಹಡಗಿನೊಳಗಿದ್ದೆವು. ಮತ್ತೆ ಹೋದರೆ ಆಯ್‌ಸ್ಟಿನ್ಸ್‌ನಿಂದ 2 ಗಂಟೆಗೇ ಹೊರಡುತ್ತೇನೆ. ಹಡಗು ಬೇಗ ಹೊರಡುವುದಿದ್ದರೆ ಆಯ್‌ಸ್ಟಿನ್ಸ್ ಬಿಟ್ಟು, ಬ್ರಿಜ್‌ಟೌನ್‌ಗೆ ಹೊಂದಿಕೊಂಡಿರುವ ಕಾರ್ಲೈಲ್ ಕೊಲ್ಲಿಯಲ್ಲೇ ಸ್ನಾನ ಮಾಡಿ ಬರಬಹುದು.

ಇಬ್ಬರ ಇಡೀ ದಿನದ ಖರ್ಚು, ಬಸ್ಸಿನ 14 ಸೇರಿ, 165 ಬಾರ್ಬಡೋಸ್ ಡಾಲರ್. ಅಮೆರಿಕನ್ ಲೆಕ್ಕದಲ್ಲಿ ಸುಮಾರು 83. ಹಡಗಿನ ಟೂರ್‌ಗೆ ಇಬ್ಬರಿಗೇ 190 ಆಗುತ್ತಿತ್ತು. ಹಾಗಂತ ಎಲ್ಲರಿಗೂ ಇದನ್ನೇ ಮಾಡಿ ಅನ್ನಲಾರೆ. ಮಗಳ ಮನೆಯವರು ಆಮೆ ನೋಡಿ ಸಂತೋಷವಾಗಿ ಬಂದಿದ್ದರು, ಐದು ವರ್ಷದ ಮಗುವನ್ನು ಆ ವ್ಯಾನಿನಲ್ಲಿ ಕೂರಿಸುವುದು ಕಷ್ಟವೇ ಇತ್ತು. ಮೊಮ್ಮಗನಿಗೆ ಬೆಳಿಗ್ಗೆ ಹಾಕಿದ್ದ ಮಿಲಿಟರಿ ಚಿತ್ತಾರದ ಚಡ್ಡಿಯನ್ನು ಇಳಿಯುವ ಮೊದಲೇ ಬದಲಿಸಬೇಕಾಯಿತು. ಬಾರ್ಬಡೋಸ್‌ನಲ್ಲಿ ಅಂಥ ಬಟ್ಟೆ ಸೈನ್ಯದವರಿಗೆ ಮಾತ್ರ, ಮಕ್ಕಳಿಗೂ ಕಾನೂನು ಅದೇ. ಇನ್ನೊಂದು, ಭಾರತದ ಪಾಸ್‌ಪೋರ್ಟಿನವರಿಗೆ: ಸಾನ್ ಹುವಾನ್‌ಗೆ ಮರಳುವುದೆಂದರೆ ಮತ್ತೊಮ್ಮೆ ಅಮೆರಿಕದೊಳಗೆ ಪ್ರವೇಶಿಸಿದಂತೆ, ವೀಸಾ ಹಲವು ಪ್ರವೇಶದ್ದೇ ಇರಬೇಕು.

ಕೈಯಲ್ಲಿ ಉಳಿದದ್ದು ಐದರ ಒಂದು ನೋಟು, ಎರಡು ನಾಣ್ಯ. ಮೊಮ್ಮಗ ನಾಣ್ಯ ತೆಗೆದುಕೊಂಡು ಮೀನಿಗೆ ರೆಕ್ಕೆ ಯಾಕೆ ಅಂತ ಕೇಳಿದ, ಅವನಜ್ಜಿ ಮುಳ್ಳು ಬಿಡಿಸುವುದು ಹೇಗೆಂದು ಹಾಸಿಗೆಯ ಮೇಲೆ ಕರವಸ್ತ್ರ ಮಡಚಿ ತೋರಿಸಲು ಶುರುಮಾಡಿದಳು. ವೊರೆಲ್ ಅವರ ನೋಟು ಈಗ ಮಲ್ಪೆಯ ಮನೆಯಲ್ಲಿ, ಅಪ್ಪನ ಫೋಟೋದ ಚೌಕಟ್ಟಿನ ಮೂಲೆಯಲ್ಲಿ ಸಿಕ್ಕಿಸಿದ್ದೇನೆ.